ಹಾರಬಲ್ಲುದಾಗಿತ್ತೆ ಆ ಮರದ ಮಹಾವಿಮಾನ?

೧೯೪೭ನೆಯ ಇಸವಿ ನವೆಂಬರ್ ೨ನೆಯ ತಾರೀಖು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಲಾಂಗ್ ಬೀಚ್ ಬಂದರಿನಲ್ಲಿ, ಅದುವರೆಗೆ ಜಗತ್ತು ಕಂಡರಿಯದಷ್ಟು ದೊಡ್ಡ ವಿಮಾನವೊಂದು ನೀರಿನ ಮೇಲೆ ಓಡಾಡುತ್ತಿದ್ದಿತು. ಅದರ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ೩೨೦ ಅಡಿ. ಮೂತಿಯಿಂದ ಬಾಲದವರೆಗೆ ಸುಮಾರು ೨೧೯ ಅಡಿ. ನಿಂತ ಬಾಲದ ಎತ್ತರ ೭೯ ಅಡಿ. ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಇಷ್ಟು ದೊಡ್ಡ ಯಂತ್ರದ ಒಡಲೂ ರೆಕ್ಕೆಯೂ ಬಹುಮಟ್ಟಿಗೆ ಮರದಿಂದ ಆದವು. ಅದರ ಹೆಸರು ಏಚ್-೪ ಹರ್ಕ್ಯುಲಿಸ್. ಅದನ್ನು ಕಟ್ಟಿಸಿದವನೂ, ಅಂದು ಸ್ವತಃ ಅದನ್ನು ನಡೆಸುತ್ತಿದ್ದವನೂ ಹೋವರ್ಡ್ ಹ್ಯೂಸ್ ಎಂಬ ಧನಿಕ.

ಆ ದಿನ ನಡೆಯಬೇಕಾಗಿದ್ದುದು ನೀರಿನ ಮೇಲಣ ಓಟದ ಪರೀಕ್ಷೆ ಮಾತ್ರ. ಎರಡು ಓಟಗಳು ಮುಗಿದವು. ವಿಮಾನದಲ್ಲಿದ್ದ ಪತ್ರಿಕಾ ವರದಿಗಾರರಲ್ಲಿ ಕೆಲವರು ಸುದ್ದಿ ಕಳುಹಿಸಲೆಂದು ಇಳಿದು ಹೋದರು. ಮೂರನೆಯ ಓಟದಲ್ಲಿ ವಿಮಾನವು ಇದ್ದಕ್ಕಿದ್ದಂತೆ ನೀರನ್ನು ಬಿಟ್ಟು ಮೇಲೆದ್ದಿತು. ಸುಮಾರು ೭೦ ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು ೧೩೫ ಮೈಲಿ ವೇಗದಲ್ಲಿ, ಒಂದು ಮೈಲಿಯಷ್ಟು ದೂರ ಸಾಗಿ ಮತ್ತೆ ನೀರಿಗಿಳಿಯಿತು. ಎಲ್ಲವೂ ಅರ್ಧ ನಿಮಿಷದೊಳಗೆ ಮುಗಿದುಹೋಯಿತು. ಆಮೇಲೆ ಅದು ಎಂದೂ ಹಾರಲಿಲ್ಲ.

ಆ ದಿನದಿಂದ ಒಂದು ವಾದ ನಡೆಯುತ್ತಲೇ ಬಂದಿದೆ. ಅದು ಹಾರಾಟವೋ, ಬರಿಯ ನೆಗೆತವೋ? ಆ ವಿಮಾನಕ್ಕೆ ನಿಜವಾಗಿ ಹಾರುವ ಶಕ್ತಿ ಇದ್ದಿತೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ‘ಹಾರುವುದು’ ಎಂದರೇನೆಂಬುದನ್ನು ಇತ್ಯರ್ಥಮಾಡಿಕೊಳ್ಳಬೇಕು. ನೀರನ್ನು ಬಿಟ್ಟು ಮೇಲೇಳುವುದು ಒಂದು. ನೀರಿನ ನೆರೆಯನ್ನೂ ಬಿಟ್ಟು ಎತ್ತರಕ್ಕೆ ಏರುವುದು ಇನ್ನೊಂದು. ಯಾವ ಕೆಲಸಕ್ಕಾಗಿ ಕಟ್ಟಿದರೋ ಆ ಹೊರೆಯನ್ನು ಹೊತ್ತು ಸಾಗರವನ್ನು ದಾಟುವುದು ಮತ್ತೊಂದು. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಉತ್ತರವು ತಾನಾಗಿಯೇ ತಿಳಿಯಾಗುತ್ತದೆ. ಅದಕ್ಕೆ ಹೈಸ್ಕೂಲಿನ ಗಣಿತವೇ ಸಾಕು.

ಯುದ್ಧ ಕೊಟ್ಟ ಕೆಲಸ

೧೯೪೨ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಮಿತ್ರರಾಷ್ಟ್ರಗಳ ಮತ್ತು ತಟಸ್ಥ ದೇಶಗಳ ಸಾವಿರಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದವು. ಹಡಗಿನೊಡನೆ ಸರಕು ಹೋಯಿತು, ಜನ ಹೋದರು. ಹೀಗಾದರೆ ಯೂರೋಪಿಗೆ ಸೈನ್ಯವನ್ನು ಸಾಗಿಸುವುದು ಹೇಗೆ? ಹೆನ್ರಿ ಕೈಸರ್ ಎಂಬ ಉದ್ಯಮಿ ಆಗ ‘ಲಿಬರ್ಟಿ’ ಎಂಬ ಸರಕುಹಡಗುಗಳನ್ನು ಬೆರಗಾಗುವಷ್ಟು ಬೇಗ ಕಟ್ಟುತ್ತಿದ್ದನು. ಅದೇ ವರ್ಷ ಅವನ ಕಟ್ಟೆಯೊಂದರಲ್ಲಿ ಒಂದು ಹಡಗನ್ನು ಐದು ದಿನಕ್ಕೂ ಕಡಿಮೆ ಕಾಲದಲ್ಲಿ ಜೋಡಿಸಿ ನೀರಿಗಿಳಿಸಿದರು. ಆದರೆ ಕಟ್ಟಿದ ಹಡಗು ಮುಳುಗುವುದಾದರೆ ಕಟ್ಟಿ ಫಲವೇನು? ಜಲಾಂತರ್ಗಾಮಿಯ ಕೈಗೆ ಸಿಕ್ಕದಂತೆ ಆಕಾಶದಲ್ಲಿ ಹೋಗುವ ಹಡಗೇ ಬೇಕೆಂದು ಕೈಸರನು ಸೂಚಿಸಿದನು. ವಿಮಾನ ನಿರ್ಮಾಣದಲ್ಲಿ ಹೆಸರಾಗಿದ್ದ ಹ್ಯೂಸ್ ಅವನ ಜೊತೆಗೂಡಿದನು. ೧೯೩೫ರಲ್ಲಿ ತಾನೇ ರೂಪಿಸಿದ ವಿಮಾನದಲ್ಲಿ ವೇಗದ ದಾಖಲೆಯನ್ನು ಸ್ಥಾಪಿಸಿ, ೧೯೩೮ರಲ್ಲಿ ಸುಮಾರು ೯೧ ಗಂಟೆಗಳಲ್ಲಿ ಭೂಪ್ರದಕ್ಷಿಣೆ ಮಾಡಿದ್ದ ಸಾಹಸಿ ಅವನು. ೧೯೪೨ರ ನವೆಂಬರಿನಲ್ಲಿ ೧ ಕೋಟಿ ೮೦ ಲಕ್ಷ ಡಾಲರ್ ವೆಚ್ಚದಲ್ಲಿ ಮೂರು ವಿಮಾನಗಳನ್ನು ಕಟ್ಟಿಕೊಡಲು ಸರ್ಕಾರದೊಡನೆ ಒಪ್ಪಂದವಾಯಿತು. ಪೂರ್ಣಸಜ್ಜಿತರಾದ ೭೫೦ ಸೈನಿಕರನ್ನಾಗಲಿ, ಎರಡು ಷರ್ಮನ್ ಟ್ಯಾಂಕುಗಳನ್ನಾಗಲಿ ಅದು ಹೊತ್ತೊಯ್ಯುವುದೆಂದು ಹೇಳಲಾಗಿತ್ತು.

ಅದು ಹಾರುದೋಣಿಯ ಜಾತಿಯ ವಿಮಾನ. ಎಂದರೆ, ಗಾಲಿಗಳ ಬದಲು ದೋಣಿಯಂಥ ಅಡಿಯುಳ್ಳದ್ದು, ನೀರಿನಿಂದಲೇ ಏರಿ ನೀರಿಗೇ ಇಳಿಯುವಂಥದು. ಈ ಜಾತಿ ನಮ್ಮ ನಾಡಿಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ‘ಕ್ಯಾಟಲಿನಾ’ ಎಂಬ ಹಾರುದೋಣಿಗಳ ದುರಸ್ತಿ ನಡೆಯುತ್ತಿದ್ದಿತು. ಅವು ಬಂದಿಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಆ ಕ್ಯಾಟಲಿನಾವನ್ನೇ ಮುಂದೆ ನಮ್ಮ ಅಳತೆಗೋಲಾಗಿ ಇಟ್ಟುಕೊಳ್ಳೋಣ.

ಮರವೇಕೆ?

ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ದುರ್ಲಭವಾಗಿದ್ದಿತು. ಹೋರಾಟದ ವಿಮಾನಗಳಿಗೆ ಬೇಕಾದ ಲೋಹವನ್ನು ಮುಟ್ಟದೆಯೇ ಈ ಯಂತ್ರವನ್ನು ಕಟ್ಟಬೇಕಾಗಿದ್ದುದರಿಂದ ಮರಕ್ಕೆ ಕೈಹಾಕಿದರು. ಪತ್ರಿಕೆಗಳವರು ಪರಿಹಾಸ್ಯವಾಗಿ ಇದನ್ನು ‘ಸ್ಪ್ರೂಸ್ ಗೂಸ್’, ಎಂದರೆ ‘ಸ್ಪ್ರೂಸ್ ಮರದ ಬಾತು’ ಎಂದು ಕರೆದರು. ಆದರೆ ಹೆಚ್ಚಿನ ಪಾಲು ಸ್ಪ್ರೂಸ್ ಅಲ್ಲ, ಭೂರ್ಜ. ನಮ್ಮ ಪ್ರಾಚೀನರು ಯಾವ ಮರದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದಿಟ್ಟರೋ ಆ ಭೂರ್ಜದ ಬಳಗಕ್ಕೆ ಸೇರಿದ ಮರ.

ಮರವೆಂದೊಡನೆ ಹಲಗೆಗೆ ಮೊಳೆ ಹೊಡೆದ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬಾರದು. ಮರಕ್ಕೆ ನಾರಿನ ಉದ್ದಕ್ಕೆ ಬಲ ಹೆಚ್ಚು, ಅಡ್ಡಕ್ಕೆ ಕಡಿಮೆ. ಆದ್ದರಿಂದ ಅದನ್ನು ಕಾಗದದಂಥ ತೆಳುಪದರಗಳಾಗಿ ಸೀಳಿ, ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವಂತೆ ಜೋಡಿಸಿ, ನಡುವೆ ಕೃತಕ ರಾಳದ ಅಂಟು ಹಚ್ಚಿ, ಅಚ್ಚಿನಲ್ಲಿ ಶಾಖವನ್ನೂ ಒತ್ತಡವನ್ನೂ ಕೊಟ್ಟು ಬೇಕಾದ ಆಕಾರಕ್ಕೆ ತರುತ್ತಿದ್ದರು. ಇದಕ್ಕೆ ‘ಡ್ಯೂರಮೋಲ್ಡ್’ ವಿಧಾನವೆಂದು ಹೆಸರು. ತೂಕಕ್ಕೆ ತೂಕ ಹೋಲಿಸಿದರೆ ಇಂಥ ಮರವು ಲೋಹಕ್ಕೆ ಬಹಳ ಹಿಂದೆ ಬೀಳುವುದಿಲ್ಲ. ಅದೇ ಯುದ್ಧದಲ್ಲಿ ಬ್ರಿಟನ್ನಿನ ‘ಮಸ್ಕಿಟೊ’ ಎಂಬ ಮರದ ವಿಮಾನವು ಅತಿವೇಗದ ವಿಮಾನಗಳಲ್ಲಿ ಒಂದಾಗಿದ್ದಿತು. ಆದಕಾರಣ ‘ಮರದ್ದು, ಅದಕ್ಕೇ ಹಾರದು’ ಎಂಬ ಮಾತಿಗೆ ಅರ್ಥವಿಲ್ಲ. ಸಮಸ್ಯೆ ಇದ್ದುದು ಮರದಲ್ಲಲ್ಲ, ಗಾತ್ರದಲ್ಲಿ.

ಗಾತ್ರದ ಕಾಟ

ಒಂದು ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಮೂರು ಮೂರು ಪಟ್ಟು ಹೆಚ್ಚಿಸಿದರೆ ಅದರ ಮೇಲ್ಮೈ ೯ ಪಟ್ಟಾಗುತ್ತದೆ. ಗಾತ್ರವೂ ಅದರೊಡನೆ ತೂಕವೂ ೨೭ ಪಟ್ಟಾಗುತ್ತವೆ. ವಿಮಾನವನ್ನು ಎತ್ತುವುದು ರೆಕ್ಕೆಯ ಮೇಲ್ಮೈ, ಎತ್ತಿಸಿಕೊಳ್ಳುವುದು ತೂಕ. ಆದುದರಿಂದ ವಿಮಾನವನ್ನು ಹಿಗ್ಗಿಸುತ್ತ ಹೋದಂತೆ ಎತ್ತುವವನ ಬಲವನ್ನು ಹೊರೆಯು ಮೀರುತ್ತ ಹೋಗುತ್ತದೆ. ಗುಬ್ಬಿ ಪುರ್ರನೆ ಏಳುವುದು, ರಣಹದ್ದು ಓಡಿ ಏಳುವುದು, ಉಷ್ಟ್ರಪಕ್ಷಿ ಏಳದೇ ಇರುವುದು, ಇವುಗಳ ಹಿಂದೆ ಈ ನಿಯಮವೂ ಇದೆ.

ಈಗ ಕ್ಯಾಟಲಿನಾವನ್ನು ನೆನೆಯೋಣ. ಅದರ ರೆಕ್ಕೆಯ ಹರವು ೧೦೪ ಅಡಿ. ರೆಕ್ಕೆಯ ವಿಸ್ತೀರ್ಣ ೧,೪೦೦ ಚದರಡಿ. ತುಂಬಿದ ತೂಕ ಸುಮಾರು ೩೫,೦೦೦ ಪೌಂಡು. ಹರ್ಕ್ಯುಲಿಸ್‌ನ ಹರವು ಇದರ ಮೂರು ಪಟ್ಟು. ಕುರುಡಾಗಿ ಹಿಗ್ಗಿಸಿದ್ದರೆ ಅದರ ತೂಕ ಹತ್ತು ಲಕ್ಷ ಪೌಂಡಿನ ಹತ್ತಿರಕ್ಕೆ ಹೋಗಬೇಕಾಗಿತ್ತು! ಆದರೆ ಅದರ ನಿರ್ಮಾಪಕರು ಹಾಗಾಗಲು ಬಿಡಲಿಲ್ಲ. ಅದರ ರೆಕ್ಕೆಯ ವಿಸ್ತೀರ್ಣ ೧೧,೪೩೦ ಚದರಡಿ, ಎಂದರೆ ಕ್ಯಾಟಲಿನಾದ ಸುಮಾರು ೮ ಪಟ್ಟು. ಉದ್ದೇಶಿಸಿದ ಪೂರ್ಣತೂಕ ೪,೦೦,೦೦೦ ಪೌಂಡು, ಎಂದರೆ ಸುಮಾರು ೧೧ ಪಟ್ಟು. ಕ್ಯಾಟಲಿನಾದಲ್ಲಿ ರೆಕ್ಕೆಯ ಪ್ರತಿಯೊಂದು ಚದರಡಿಯೂ ೨೫ ಪೌಂಡು ಹೊರುತ್ತದೆ. ಹರ್ಕ್ಯುಲಿಸ್‌ನಲ್ಲಿ ೩೫ ಪೌಂಡು. ಅದೇ ಕಾಲದ ಬಿ-೨೯ ಬಾಂಬರ್ ವಿಮಾನದ ರೆಕ್ಕೆಯಲ್ಲಿ ಈ ಸಂಖ್ಯೆ ಸುಮಾರು ೭೦! ಹಾಗಾಗಿ ಹರ್ಕ್ಯುಲಿಸ್‌ನ ರೆಕ್ಕೆಯ ಮೇಲೆ ಬಿದ್ದ ಹೊರೆ ಅಸಾಧಾರಣವಾದುದೇನೂ ಅಲ್ಲ.

ಮೊದಲನೆಯ ಪ್ರಶ್ನೆ: ನೀರನ್ನು ಬಿಡುವುದು

ಗಂಟೆಗೆ ೧೩೫ ಮೈಲಿ ವೇಗದಲ್ಲಿ ಬೀಸುವ ಗಾಳಿಯ ಒತ್ತಡ ಚದರಡಿಗೆ ಸುಮಾರು ೪೬ ಪೌಂಡು. ಇದನ್ನು ಒಂದು ಗುಣಾಂಕದಿಂದ ಗುಣಿಸಿದರೆ ರೆಕ್ಕೆಯ ಎತ್ತುಬಲ ದೊರೆಯುತ್ತದೆ. ರೆಕ್ಕೆಯು ಗಾಳಿಗೆ ಮುಖವೆತ್ತಿದಷ್ಟೂ ಈ ಗುಣಾಂಕ ಏರುತ್ತದೆ. ಸಾಮಾನ್ಯವಾದ ರೆಕ್ಕೆಯಲ್ಲಿ ಅದು ೧.೨ರ ಮೇಲಕ್ಕೂ ಏರಬಲ್ಲುದು. ಅದಕ್ಕೂ ಮೀರಿ ಮುಖವೆತ್ತಿದರೆ ಗಾಳಿಯ ಹರಿವು ಒಡೆದು ವಿಮಾನ ಕುಸಿಯುತ್ತದೆ. ಪೂರ್ಣತೂಕದ ಹರ್ಕ್ಯುಲಿಸ್‌ಗೆ ಚದರಡಿಗೆ ೩೫ ಪೌಂಡಿನ ಎತ್ತುಬಲ ಸಾಕಾದುದರಿಂದ ಬೇಕಾದ ಗುಣಾಂಕ ೩೫ನ್ನು ೪೬ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೦.೭೫. ಮಿತಿಗಿಂತ ಇದು ಬಹಳ ಕೆಳಗಿದೆ. ಅಂದು ವಿಮಾನದಲ್ಲಿ ಸರಕು ಇರಲಿಲ್ಲ, ಇಂಧನವೂ ತುಂಬಿರಲಿಲ್ಲ. ಕೆಲಸ ಇನ್ನೂ ಸುಲಭವಾಯಿತು. ಆದ್ದರಿಂದ ಅಂದಿನ ಏರಿಕೆ ಅಲೆಯ ಮೇಲಣ ಪುಟಿತವಲ್ಲ, ರೆಕ್ಕೆಯೇ ಮಾಡಿದ ಕೆಲಸ. ಮೊದಲನೆಯ ಪ್ರಶ್ನೆಗೆ ಉತ್ತರ ಹೌದು. ಅದಕ್ಕೆ ದಡದಲ್ಲಿ ನೆರೆದಿದ್ದ ಜನರೇ ಸಾಕ್ಷಿ.

ಎರಡನೆಯ ಪ್ರಶ್ನೆ: ಎತ್ತರಕ್ಕೆ ಏರುವುದು

ಸಂಶಯವಾದಿಗಳ ಗಟ್ಟಿಯಾದ ವಾದ ಇಲ್ಲಿದೆ. ನೆಲಕ್ಕೋ ನೀರಿಗೋ ತೀರ ಹತ್ತಿರದಲ್ಲಿ ಹಾರುವ ವಿಮಾನಕ್ಕೆ ಒಂದು ಆಸರೆ ದೊರೆಯುತ್ತದೆ. ರೆಕ್ಕೆಯ ಅಡಿಯ ಗಾಳಿಯ ಒತ್ತಡ ಹೆಚ್ಚು, ಮೇಲಿನದು ಕಡಿಮೆ. ಆದಕಾರಣ ತುದಿಗಳಲ್ಲಿ ಗಾಳಿಯು ಕೆಳಗಿನಿಂದ ಮೇಲಕ್ಕೆ ಸುತ್ತಿ ಸುಳಿಯಾಗುತ್ತದೆ. ಈ ಸುಳಿಗಳನ್ನು ಎಬ್ಬಿಸುವುದರಲ್ಲಿ ಎಂಜಿನ್ನಿನ ಶಕ್ತಿಯ ಒಂದು ಪಾಲು ವ್ಯರ್ಥವಾಗುತ್ತದೆ. ನೆಲ ಹತ್ತಿರವಿದ್ದರೆ ಸುಳಿಗೆ ಬೆಳೆಯಲು ಎಡೆ ಸಾಲದು, ವ್ಯಯವೂ ತಗ್ಗುತ್ತದೆ. ಇದನ್ನು ಭೂಸಾಮೀಪ್ಯ ಪರಿಣಾಮವೆನ್ನೋಣ. ‘ಹತ್ತಿರ’ ಎಂಬುದನ್ನು ಇಲ್ಲಿ ಅಳೆಯುವುದು ರೆಕ್ಕೆಯ ಹರವಿನಿಂದ. ಚಿಕ್ಕ ವಿಮಾನಕ್ಕೆ ೭೦ ಅಡಿ ದೂರವೇ ಸರಿ. ೩೨೦ ಅಡಿ ರೆಕ್ಕೆಯ ಹರ್ಕ್ಯುಲಿಸ್‌ಗೆ ಅದು ಹರವಿನ ಕಾಲುಭಾಗಕ್ಕೂ ಕಡಿಮೆ. ಎಂದಮೇಲೆ ಆ ಒಂದು ಮೈಲಿಯುದ್ದಕ್ಕೂ ಅದು ನೀರಿನ ಆಸರೆಯಲ್ಲೇ ಇದ್ದಿತು. ಆಸರೆ ಬಿಟ್ಟು ಮೇಲೇರುವಷ್ಟು ಶಕ್ತಿ ಅದಕ್ಕೆ ಇದ್ದಿತೆಂದು ಆ ಹಾರಾಟವೊಂದೇ ಸಾಧಿಸಲಾರದು. ಈ ಆಕ್ಷೇಪಣೆ ನ್ಯಾಯವಾದುದೇ.

ಆದರೆ ಪರೀಕ್ಷೆ ಹೇಳದುದನ್ನು ಲೆಕ್ಕ ಹೇಳಬಹುದು. ಆ ಕಾಲದ ದೊಡ್ಡ ವಿಮಾನಗಳಲ್ಲಿ ಎತ್ತುಬಲವು ಗಾಳಿಯ ತಡೆಬಲದ ೧೨ರಿಂದ ೧೫ ಪಟ್ಟು ಇರುತ್ತಿದ್ದಿತು. ನಾವು ಜಿಪುಣತನದಿಂದ ೧೨ ಎಂದೇ ಹಿಡಿಯೋಣ. ಆಸರೆಯನ್ನು ಲೆಕ್ಕಕ್ಕೆ ಸೇರಿಸುವುದೇ ಬೇಡ. ೪,೦೦,೦೦೦ ಪೌಂಡು ತೂಕಕ್ಕೆ ತಡೆಬಲ ಸುಮಾರು ೩೩,೦೦೦ ಪೌಂಡು. ಗಂಟೆಗೆ ೧೩೫ ಮೈಲಿ ವೇಗದಲ್ಲಿ ಈ ತಡೆಯನ್ನು ಎದುರಿಸಲು ಬೇಕಾದ ಶಕ್ತಿ ಸುಮಾರು ೧೨,೦೦೦ ಅಶ್ವಶಕ್ತಿ. ಹರ್ಕ್ಯುಲಿಸ್‌ನಲ್ಲಿದ್ದುವು ಎಂಟು ಎಂಜಿನುಗಳು. ಒಂದೊಂದೂ ೨೮ ಸಿಲಿಂಡರುಗಳ, ೩,೦೦೦ ಅಶ್ವಶಕ್ತಿಯ ದೈತ್ಯ. ಒಟ್ಟು ೨೪,೦೦೦. ಪ್ರೊಪೆಲ್ಲರುಗಳು ಇದರಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಕೆಲಸಕ್ಕೆ ತರುವುವೆಂದರೂ ೧೮,೦೦೦ ದೊರೆಯುತ್ತದೆ. ಉಳಿಕೆ ೬,೦೦೦. ಒಂದು ಅಶ್ವಶಕ್ತಿ ನಿಮಿಷಕ್ಕೆ ೩೩,೦೦೦ ಪೌಂಡನ್ನು ಒಂದು ಅಡಿ ಎತ್ತುತ್ತದೆಯಷ್ಟೆ? ಆ ಲೆಕ್ಕದಲ್ಲಿ ಉಳಿದ ಶಕ್ತಿ ಇಡೀ ವಿಮಾನವನ್ನು ನಿಮಿಷಕ್ಕೆ ಸುಮಾರು ೫೦೦ ಅಡಿಯಂತೆ ಮೇಲಕ್ಕೆತ್ತಬಲ್ಲುದು. ಇದು ಗರುಡನ ಏರಿಕೆಯಲ್ಲ, ಆದರೂ ಏರಿಕೆಯೇ.

ಈ ಲೆಕ್ಕಕ್ಕೆ ಇತಿಹಾಸದ ಬೆಂಬಲವೂ ಉಂಟು. ಪೂರ್ಣತೂಕದಲ್ಲಿ ಹರ್ಕ್ಯುಲಿಸ್‌ನ ಒಂದು ಅಶ್ವಶಕ್ತಿಯ ಪಾಲಿಗೆ ಬರುವ ಹೊರೆ ಸುಮಾರು ೧೭ ಪೌಂಡು. ಕ್ಯಾಟಲಿನಾದಲ್ಲಿ ಇದು ಸುಮಾರು ೧೫. ಹೊರೆ ಹೆಚ್ಚೆಂಬುದು ನಿಜ. ಆದರೆ ಜರ್ಮನಿಯ ‘ಡಾರ್ನಿಯರ್ ಡಿಓ ಎಕ್ಸ್’ ಎಂಬ ಹನ್ನೆರಡು ಎಂಜಿನ್ನಿನ ಹಾರುದೋಣಿಯಲ್ಲಿಯೂ ಹೊರೆ ಹೆಚ್ಚುಕಡಮೆ ಇಷ್ಟೇ ಇದ್ದಿತು. ಅದು ೧೯೨೯ರ ಅಕ್ಟೋಬರ್ ೨೧ರಂದು ೧೬೯ ಜನರನ್ನು ಹೊತ್ತು ಹಾರಿತು. ೧೯೩೧ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕನ್ನು ಮುಟ್ಟಿತು. ಇಂಧನದ ಭಾರಕ್ಕೆ ಎತ್ತರ ಏರಲಾರದೆ ಅಲೆಗಳ ಮೇಲೆಯೇ ತೆವಳಿದಂತೆ ಸಾಗಿದುದುಂಟು, ಆದರೂ ದಾಟಿತು. ಅಷ್ಟನ್ನು ಹರ್ಕ್ಯುಲಿಸ್ ಮಾಡಲಾರದೆಂದು ನಂಬಲು ಕಾರಣವಿಲ್ಲ. ಹಾಗಾಗಿ ಎರಡನೆಯ ಪ್ರಶ್ನೆಗೆ ಉತ್ತರ: ಬಹುಮಟ್ಟಿಗೆ ಹೌದು. ಲೆಕ್ಕಕ್ಕೆ ಸಿಕ್ಕದೆ ಉಳಿಯುವುವು ಬೇರೆ ಸಂಗತಿಗಳು. ತಿರುವಿನಲ್ಲಿ ಅದು ಹೇಗೆ ವರ್ತಿಸುತ್ತಿತ್ತು? ಒರಟು ಗಾಳಿ ಬಡಿದಾಗ ಆ ಉದ್ದವಾದ ರೆಕ್ಕೆ ಎಷ್ಟು ಬಳುಕುತ್ತಿತ್ತು? ಒಂದೆರಡು ಎಂಜಿನು ನಿಂತರೆ ಸಮತೋಲ ಉಳಿಯುತ್ತಿತ್ತೆ? ಇವುಗಳಿಗೆ ಅರ್ಧ ನಿಮಿಷದ ನೇರ ಹಾರಾಟದಲ್ಲಿ ಉತ್ತರವಿಲ್ಲ.

ಮೂರನೆಯ ಪ್ರಶ್ನೆ: ಹೊತ್ತು ದಾಟುವುದು

ನಿಜವಾದ ತೊಡಕು ಇಲ್ಲಿ ಕಾಣಿಸುತ್ತದೆ. ಹರ್ಕ್ಯುಲಿಸ್‌ನ ಖಾಲಿ ತೂಕವೆಂದು ಸಾಮಾನ್ಯವಾಗಿ ಕೊಡುವ ಸಂಖ್ಯೆ ೨,೫೦,೦೦೦ ಪೌಂಡು. ಪೂರ್ಣತೂಕ ೪,೦೦,೦೦೦. ನಡುವಣ ೧,೫೦,೦೦೦ ಪೌಂಡಿನಲ್ಲಿ ಸರಕೂ ಇಂಧನವೂ ಎರಡೂ ಅಡಗಬೇಕು.

ಇಂಧನವೆಷ್ಟು ಬೇಕು? ೩,೦೦೦ ಮೈಲಿಯ ಪ್ರಯಾಣವೆನ್ನೋಣ. ಇಂಧನ ಉರಿದಂತೆ ತೂಕ ಇಳಿಯುವುದರಿಂದ ಸರಾಸರಿ ತೂಕ ೩,೫೦,೦೦೦ ಪೌಂಡು ಎಂದೂ, ಎತ್ತರದಲ್ಲಿ ಸಮಾಧಾನವಾಗಿ ಹಾರುವಾಗ ಎತ್ತುಬಲ ತಡೆಬಲಗಳ ಪ್ರಮಾಣ ೧೪ ಎಂದೂ ಹಿಡಿದರೆ ತಡೆಬಲ ೨೫,೦೦೦ ಪೌಂಡು. ಇಷ್ಟು ತಡೆಯನ್ನು ೩,೦೦೦ ಮೈಲಿ ಎದುರಿಸಲು ಆಗುವ ಕೆಲಸ, ಗುಣಿಸಿ ನೋಡಿದರೆ, ೨,೦೦,೦೦೦ ಅಶ್ವಶಕ್ತಿ-ಗಂಟೆಗಳು. ಪ್ರೊಪೆಲ್ಲರಿನ ನಷ್ಟವನ್ನು ಸೇರಿಸಿದರೆ ಎಂಜಿನುಗಳು ಕೊಡಬೇಕಾದುದು ೨,೫೦,೦೦೦. ಆ ಕಾಲದ ಒಳ್ಳೆಯ ಎಂಜಿನು ಒಂದು ಅಶ್ವಶಕ್ತಿ-ಗಂಟೆಗೆ ಅರ್ಧ ಪೌಂಡಿಗೆ ಸ್ವಲ್ಪ ಕಡಿಮೆ ಪೆಟ್ರೋಲು ನುಂಗುತ್ತಿದ್ದಿತು. ೦.೪೫ ಎಂದರೆ ಒಟ್ಟು ೧,೧೨,೫೦೦ ಪೌಂಡು! ಉಳಿಯುವುದು ೩೭,೫೦೦ ಪೌಂಡು. ಸಾಮಾನು ಸಹಿತ ಸೈನಿಕನೊಬ್ಬನ ತೂಕ ೨೦೦ ಪೌಂಡು ಎಂದರೆ ಅದು ೧೯೦ ಜನಕ್ಕೂ ಸಾಲದು.

ದೂರವನ್ನು ೨,೦೦೦ ಮೈಲಿಗೆ ಇಳಿಸಿ ನೋಡೋಣ. ಇಂಧನ ಸುಮಾರು ೭೫,೦೦೦ ಪೌಂಡು, ಸರಕೂ ಅಷ್ಟೇ. ಆಗ ಸುಮಾರು ೬೬,೦೦೦ ಪೌಂಡು ತೂಗುವ ಒಂದು ಷರ್ಮನ್ ಟ್ಯಾಂಕನ್ನು ಒಯ್ಯಬಹುದು. ಎರಡನ್ನು ಹೇರಿದರೆ ಉಳಿದ ಇಂಧನಕ್ಕೆ ೪೫೦ ಮೈಲಿ ಹೋಗುವುದೇ ಕಷ್ಟ. ೭೫೦ ಸೈನಿಕರನ್ನು ತುಂಬಿದರಂತೂ ೧,೫೦,೦೦೦ ಪೌಂಡೂ ಅವರಿಗೇ ಸರಿಹೋಯಿತು. ಒಂದು ತೊಟ್ಟು ಪೆಟ್ರೋಲಿಗೂ ಎಡೆಯಿಲ್ಲ! ಖಾಲಿ ತೂಕ ಈ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಉಳಿಕೆ ಇನ್ನೂ ಕಡಿಮೆ. ವಿಮಾನದ ಹೊಟ್ಟೆಯಲ್ಲಿ ಅಷ್ಟು ಜನಕ್ಕೆ ಸ್ಥಳವಿದ್ದಿತೆಂಬುದು ನಿಜ. ಅವರನ್ನು ಅಷ್ಟು ದೂರ ಒಯ್ಯುವ ಸಾಮರ್ಥ್ಯವಿದ್ದಿತೆಂಬುದು ಬೇರೆ ಮಾತು. ಸ್ಥಳ ಬೇರೆ, ಬಲ ಬೇರೆ. ಇನ್ನು ಹಡಗಿನೊಡನೆ ಹೋಲಿಸಿದರೆ, ಒಂದು ಲಿಬರ್ಟಿ ಹಡಗು ಸುಮಾರು ೧೦,೦೦೦ ಟನ್ ಹೊರುತ್ತಿದ್ದಿತು. ಅಷ್ಟನ್ನು ೨,೦೦೦ ಮೈಲಿ ಸಾಗಿಸಲು ಹರ್ಕ್ಯುಲಿಸ್ ಸುಮಾರು ೩೦೦ ಬಾರಿ ಹಾರಬೇಕು. ಮೂರನೆಯ ಪ್ರಶ್ನೆಗೆ ಉತ್ತರ: ಅರ್ಧ ಹೌದು, ಅರ್ಧ ಇಲ್ಲ.

ಒಂದು ಮೈಲಿಯ ಬೆಲೆ

ಕಾಲವೂ ಆ ವಿಮಾನಕ್ಕೆ ವಿರೋಧವಾಯಿತು. ೧೯೪೩ರ ಮಧ್ಯದ ವೇಳೆಗೆ ರಾಡಾರ್, ಬೆಂಗಾವಲು ನೌಕೆಗಳು, ದೂರಗಾಮಿ ವಿಮಾನಗಳು, ಇವೆಲ್ಲ ಸೇರಿ ಜಲಾಂತರ್ಗಾಮಿಗಳ ಹಾವಳಿಯನ್ನು ಮುರಿದಿದ್ದುವು. ೧೯೪೪ರಲ್ಲಿ ಕೈಸರ್ ಹಿಂದೆ ಸರಿದನು. ಮೂರು ವಿಮಾನಗಳ ಮಾತು ಒಂದಕ್ಕೆ ಇಳಿಯಿತು. ೧೯೪೫ರಲ್ಲಿ ಯುದ್ಧವೇ ಮುಗಿಯಿತು, ವಿಮಾನ ಮುಗಿದಿರಲಿಲ್ಲ. ೧೯೪೭ರ ಆಗಸ್ಟಿನಲ್ಲಿ ಅಮೆರಿಕದ ಸೆನೆಟ್ಟಿನ ಸಮಿತಿಯೊಂದು ಹ್ಯೂಸನನ್ನು ಕರೆಸಿ, ಸಾರ್ವಜನಿಕರ ಹಣ ಏನಾಯಿತೆಂದು ಕೇಳಿತು. ವಿಮಾನ ವಿಫಲವಾದರೆ ತಾನು ಈ ದೇಶವನ್ನೇ ಬಿಟ್ಟುಹೋಗುವೆನೆಂಬ ಅರ್ಥದ ಮಾತನ್ನು ಅವನು ಅಲ್ಲಿ ಆಡಿದನು. ಮೂರು ತಿಂಗಳೊಳಗೆ ಲಾಂಗ್ ಬೀಚಿನ ಆ ಹಾರಾಟ ನಡೆದುದು ಈ ಹಿನ್ನೆಲೆಯಲ್ಲಿ. ಆ ಒಂದು ಮೈಲಿಯನ್ನು ಒಬ್ಬ ಮನುಷ್ಯನ ಮಾನಕ್ಕೂ ಒಂದು ರಾಷ್ಟ್ರದ ಹಣಕ್ಕೂ ಉತ್ತರವೆಂಬಂತೆ ಜನ ನೋಡಿದರು.

ಆದರೆ ವಿಜ್ಞಾನದ ದೃಷ್ಟಿಯಿಂದ ನೋಡುವವರು ಒಂದು ವಿವೇಕವನ್ನು ಕಾಪಾಡಿಕೊಳ್ಳಬೇಕು. ಒಂದು ಪ್ರಯೋಗವು ತಾನು ಯಾವ ಪ್ರಶ್ನೆಯನ್ನು ಕೇಳಿತೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ‘ಇದು ನೀರನ್ನು ಬಿಟ್ಟೇಳದು’ ಎಂದವರ ಬಾಯನ್ನು ಆ ಅರ್ಧ ನಿಮಿಷ ಮುಚ್ಚಿಸಿತು. ‘ಇದು ಟ್ಯಾಂಕುಗಳನ್ನು ಹೊತ್ತು ಸಾಗರವನ್ನು ದಾಟುವುದು’ ಎಂದವರಿಗೆ ಅದು ಏನನ್ನೂ ಹೇಳಲಿಲ್ಲ. ಹೊಗಳುವವರೂ ತೆಗಳುವವರೂ ಒಂದೇ ಮೈಲಿಯನ್ನು ಹಿಡಿದುಕೊಂಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವೆಂದು ವಾದಿಸುತ್ತ ಬಂದುದರಿಂದಲೇ ಈ ಜಗಳ ಇಷ್ಟು ದೀರ್ಘವಾಯಿತು.

೧೯೭೬ರಲ್ಲಿ ತಾನು ಸಾಯುವವರೆಗೂ ಹ್ಯೂಸನು ಆ ವಿಮಾನವನ್ನು ಹಾರಲು ಸಿದ್ಧವಾದ ಸ್ಥಿತಿಯಲ್ಲಿಯೇ ಕಾಪಾಡಿಸಿದನು. ಮುಂದೆ ಅದು ಲಾಂಗ್ ಬೀಚಿನಲ್ಲಿಯೇ ಕೆಲವು ವರ್ಷ ಪ್ರದರ್ಶನದಲ್ಲಿದ್ದು, ಬಳಿಕ ಆರೆಗಾನ್ ಸಂಸ್ಥಾನದ ಮೆಕ್‌ಮಿನ್‌ವಿಲ್ ಎಂಬ ಊರಿನ ವಸ್ತುಸಂಗ್ರಹಾಲಯವನ್ನು ಸೇರಿತು. ರೆಕ್ಕೆಯ ಹರವಿನಲ್ಲಿ ಅದನ್ನು ಮೀರಿಸಿದ ವಿಮಾನವೊಂದು ಆಕಾಶಕ್ಕೇರಿದ್ದು ೨೦೧೯ರ ಏಪ್ರಿಲ್ ೧೩ರಂದು; ‘ಸ್ಟ್ರಾಟೊಲಾಂಚ್’ ಎಂಬ, ೩೮೫ ಅಡಿ ರೆಕ್ಕೆಯ, ಎರಡು ಒಡಲಿನ ವಿಮಾನ ಅದು. ಎಪ್ಪತ್ತೊಂದು ವರ್ಷಗಳಿಗೂ ಮೇಲ್ಪಟ್ಟು ಆ ಪಟ್ಟ, ಒಮ್ಮೆ ಮಾತ್ರ ಹಾರಿದ ಒಂದು ಮರದ ವಿಮಾನದ ಬಳಿಯಲ್ಲಿಯೇ ಉಳಿದಿತ್ತು.